ಗುಲಾಬಿ ಗಿಡ ಕೊಳ್ಳೋದಾದ್ರೆ ಮಳೆಗಾಲದಲ್ಲಿ ಎಲೆ ನೋಡಿ ಕೊಳ್ಳಿ

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬರೋರ ಕೈಲಿ ಒಂದಾದ್ರೂ ಗುಲಾಬಿ ಗಿಡದ ಕವರ್ ಇದ್ದೇ ಇರುತ್ತೆ. ನಮ್ಮ ಕೋಲಾರ, ಚಿಂತಾಮಣಿ ಕಡೆಯವರೂ ಅಷ್ಟೇ. ಅಂಗೈ ಅಗಲದ ಒಂದು ಹೂವು, ಮನೆಯವರಿಗೆ ಇಷ್ಟ ಆಯ್ತು, ತಂದ್ರು. ಆಗಸ್ಟ್ ಹೊತ್ತಿಗೆ ಅದೇ ಗಿಡ ಎಲೆ ಉದುರಿಸಿಕೊಂಡು ಬರೀ ಮುಳ್ಳುಕಡ್ಡಿ. ಗೊಬ್ಬರ ಸಾಲ್ದು ಅಂತಾರೆ ಕೆಲವರು, ಮಣ್ಣು ಸರಿ ಇಲ್ಲ ಅಂತಾರೆ ಇನ್ನು ಕೆಲವರು. ನಾನು ಹೇಳೋದು, ಕೊಂಡ ತಿಂಗಳೇ ಸರಿ ಇಲ್ಲ.

ಜನವರಿ ಒಣಗಾಳಿಯಲ್ಲಿ ಯಾವ ಹೈಬ್ರಿಡ್ ಟೀ ಗುಲಾಬಿಯಾದ್ರೂ ಚೆನ್ನಾಗೇ ಕಾಣುತ್ತೆ. ಎಲೆ ಉದುರಿಸೋ ಕಪ್ಪು ಚುಕ್ಕೆ ರೋಗ ಹಿಡಿಯೋಕೆ ಎಲೆ ಸುಮಾರು 7 ಗಂಟೆ ಒದ್ದೆಯಾಗೇ ಇರಬೇಕು. ಅಂಥ ದಿನಗಳು ನಮ್ಮಲ್ಲಿ ಬರೋದು ಮಳೆಗಾಲದಲ್ಲಿ. ಅದಕ್ಕೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನರ್ಸರಿಗೆ ಹೋಗಿ. ಹೂವು ಇಲ್ದಿದ್ರೂ ಪರವಾಗಿಲ್ಲ, ಬುಡದ ಕಡೆ ಎಲೆ ನೋಡಿ. ಮಳೆಯಲ್ಲಿ ನೆಂದೂ ಕೆಳಗಿನ ಎಲೆ ಹಸಿರಾಗಿ ಉಳಿಸಿಕೊಂಡಿರೋ ಗಿಡ ನಿಮ್ಮ ಅಂಗಳದಲ್ಲೂ ಬಾಳುತ್ತೆ. ಔಷಧಿ ಎಷ್ಟು ದಿನಕ್ಕೊಂದು ಸಲ ಹೊಡೀತೀರಾ ಅಂತ ಒಂದು ಮಾತು ಕೇಳೋದು ಮರೀಬೇಡಿ.

ಬಣ್ಣದ ವಿಷಯಕ್ಕೆ ಬರೋಣ. ಹೈಬ್ರಿಡ್ ಟೀ ಅನ್ನೋ ಜಾತಿ 1867ರ ಲಾ ಫ್ರಾನ್ಸ್ ಎಂಬ ಗುಲಾಬಿಯಿಂದ ಶುರು ಅಂತ ಲೆಕ್ಕ. ಅದು ನಸುಗೆಂಪಿನದು. ಗಾಢ ಹಳದಿ, ಕಿತ್ತಳೆ ಬಣ್ಣ ಬಂದಿದ್ದು ಆಮೇಲೆ, ಪಶ್ಚಿಮ ಏಷ್ಯಾ ಕಡೆಯ ಒಂದು ಹಳದಿ ಕಾಡುಗುಲಾಬಿ ಜೊತೆ ಸಂಕರ ಮಾಡಿದ ಮೇಲೆ. ಆ ಬಣ್ಣದ ಜೊತೆಗೇ ಕಪ್ಪು ಚುಕ್ಕೆಗೆ ಬೇಗ ಸೋಲೋ ಗುಣಾನೂ ಬಂತು. ಹಾಗಾಗಿ ಮೊದಲ ಗಿಡ ಹಳದಿ ಬೇಡ ಅಂತೀನಿ. ಗ್ಲಾಡಿಯೇಟರ್ ಹಾಕಿ, ಬಲವಾದ ಗಿಡ, ದೊಡ್ಡ ಹೂವು. ವಾಸನೆನೇ ಬೇಕು ಅನ್ನೋರು ಡಬಲ್ ಡಿಲೈಟ್ ಹಾಕ್ಕೊಳ್ಳಿ. ಕೆನೆ ಬಣ್ಣದ ಹೂವು, ಬಿಸಿಲು ಬಿದ್ದಂಗೆ ಅಂಚು ಕೆಂಪಾಗ್ತಾ ಹೋಗುತ್ತೆ. ಆದ್ರೆ ಚಳಿಗಾಲದಲ್ಲಿ ಬೂದಿ ರೋಗ ಅದನ್ನ ಬಿಡಲ್ಲ. ಪಾಲಿಹೌಸ್‌ನಲ್ಲಿ ಬೆಳೆಯೋ ಡಚ್ ಗುಲಾಬಿ ಅಂಗಳಕ್ಕೆ ಯಾಕೆ? ಕತ್ತರಿಸಿದ ಹೂವು ಹೆಚ್ಚು ದಿನ ಬಾಳಲಿ ಅಂತ ಆರಿಸಿದ ತಳಿಗಳವು. ಮಳೆ ಅವಕ್ಕೆ ಆಗಿಬರಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ, ಔಷಧಿ ಹೊಡೆದ್ರೆ ಆಯ್ತಲ್ಲ ಅಂತ ಕೇಳಬಹುದು. ನನ್ನ ತಕರಾರು ಇರೋದೇ ಅಲ್ಲಿ. ಟೊಮೆಟೊಗೆ ಹೊಡೆದು ಟ್ಯಾಂಕಲ್ಲಿ ಉಳಿದ ಅರ್ಧ ಲೀಟರ್ ಔಷಧಿನ ಮನೆ ಮುಂದಿನ ಗುಲಾಬಿಗೆ ಹೊಡೆಯೋದು ನಮ್ಮೂರುಗಳಲ್ಲಿ ರೂಢಿ ಆಗ್ಬಿಟ್ಟಿದೆ. ಬೆಳಗ್ಗೆ ಅದೇ ಹೂವನ್ನ ಹೆಣ್ಣುಮಗು ಕಿತ್ತು ಮುಡಿಯುತ್ತೆ, ಮೂಸುತ್ತೆ, ಒಂದು ಎಸಳು ಬಾಯಿಗೂ ಹಾಕಿಕೊಳ್ಳುತ್ತೆ. ಟೊಮೆಟೊಗಾದ್ರೆ ಕೊಯ್ಲಿಗೆ ಇಷ್ಟು ದಿನ ಬಿಡಬೇಕು ಅಂತ ಡಬ್ಬಿ ಮೇಲೆ ಬರೆದಿರ್ತಾರೆ. ಮುಡಿಯೋ ಹೂವಿಗೆ ಯಾರು ಲೆಕ್ಕ ಇಡ್ತಾರೆ? ಇನ್ನು ಅದೇ ಟ್ಯಾಂಕಲ್ಲಿ ಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದಿದ್ರೆ, ತೊಳೆದ ಮೇಲೂ ಉಳಿಯೋ ಸ್ವಲ್ಪವೇ ಸಾಕು, ಗುಲಾಬಿ ಚಿಗುರು ಹುರಿ ಹೊಸೆದಂಗೆ ಸುರುಟಿಕೊಳ್ಳುತ್ತೆ.

ಔಷಧಿ ಇಲ್ಲದೆ ಆಗುತ್ತೆ, ಸ್ವಲ್ಪ ಕೈಕೆಲಸ ಬೇಕು. ದಿನಕ್ಕೆ 6 ಗಂಟೆ ಬಿಸಿಲು ಬೀಳೋ ಜಾಗ, ಗಿಡದಿಂದ ಗಿಡಕ್ಕೆ ಎರಡೂವರೆ ಮೂರು ಅಡಿ. ನೀರು ಬೆಳಗ್ಗೆ, ಬುಡಕ್ಕೆ ಮಾತ್ರ. ಚುಕ್ಕೆ ಬಿದ್ದ ಎಲೆ ಕಂಡ ದಿನವೇ ಕಿತ್ತು, ಉದುರಿದ್ದನ್ನೂ ಆರಿಸಿ ಸುಡಿ. ತಿಪ್ಪೆಗೆ ಹಾಕಬೇಡಿ. ಅಕ್ಟೋಬರ್‌ನಲ್ಲಿ ಮಳೆ ಕಡಿಮೆ ಆಗ್ತಿದ್ದಂಗೆ ಹೊರಮುಖದ ಕಣ್ಣಿನ ಮೇಲಕ್ಕೆ ಸವರಿದ್ರೆ ಒಂದೂವರೆ ತಿಂಗಳಲ್ಲಿ ಹೂವು.

ನೆಡುವಾಗ ಕಸಿ ಗಂಟು ಮಣ್ಣಿಂದ ಎರಡು ಬೆರಳು ಮೇಲಿರಲಿ. ಗಂಟಿನ ಕೆಳಗಿಂದ ಬರೋ ಚಿಗುರು ಬೇರುಗಿಡದ್ದು, ಬಿಟ್ರೆ ಮೇಲಿನ ಕಸಿಯನ್ನ ನುಂಗುತ್ತೆ. ಏಳು ಎಲೆ ಇದ್ರೆ ಕಾಡು, ಐದು ಇದ್ರೆ ಒಳ್ಳೇದು ಅಂತ ಎಣಿಸಿ ಒಳ್ಳೇ ಕೊಂಬೆ ಕತ್ತರಿಸಿದೋರು ಬಹಳ ಜನ. ಹೈಬ್ರಿಡ್ ಟೀಗೂ ಏಳು ಬರುತ್ತೆ. ಎಲೆ ಎಣಿಸೋದು ಬಿಡಿ, ಮಣ್ಣು ಸರಿಸಿ ಚಿಗುರು ಎಲ್ಲಿಂದ ಹೊರಟಿದೆ ಅಂತ ನೋಡಿ. ಗಂಟಿನ ಕೆಳಗಿಂದ ಅಂತ ಖಾತ್ರಿ ಆದ್ರೆ ಕತ್ತರಿ ಹಾಕದೆ ಬುಡ ಸಮೇತ ಸಿಗಿದು ತೆಗೀರಿ. ಕತ್ತರಿಸಿದ್ರೆ ಒಂದಿದ್ದ ಕಡೆ ಮೂರು ಬರುತ್ತೆ.