ಕೋಡಿಂಗ್ ಬೇಡ ಸರಿ, ಕಸುಬೂ ಬೇಡವೇ?

ಬೆಂಗಳೂರು: ಕೋಡಿಂಗ್ ಕಲಿಯದೆಯೂ ಐಟಿ ಕಂಪನಿಯಲ್ಲಿ ಕೈತುಂಬ ಸಂಬಳದ ಕೆಲಸ ಗಿಟ್ಟಿಸಬಹುದು ಎನ್ನುವ ಜಾಹೀರಾತುಗಳಿಗೆ ರಾಜಧಾನಿಯಲ್ಲಿ ಬರವಿಲ್ಲ. ಮಾರತಹಳ್ಳಿ, ಬಿಟಿಎಂ ಬಡಾವಣೆಯಂಥ ಕಡೆಗಳಲ್ಲಿ ತರಬೇತಿ ಸಂಸ್ಥೆಗಳ ಫಲಕಗಳು ಸಾಲುಗಟ್ಟಿ ನಿಂತಿವೆ. ಬಿ.ಕಾಂ., ಬಿ.ಎ., ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕಿಕೊಂಡು ಬಂದು ಪಿಜಿಗಳಲ್ಲಿ ತಂಗಿರುವ ಯುವಕ–ಯುವತಿಯರೇ ಈ ಫಲಕಗಳ ಗುರಿ.

ಈ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಹಾಗೆಂದು ಪೂರ್ತಿ ನಿಜವೂ ಅಲ್ಲ. ಒಂದು ವಾಕ್ಯದ ಅರ್ಧವನ್ನಷ್ಟೇ ಹೇಳಿ ಉಳಿದರ್ಧವನ್ನು ನುಂಗಿಕೊಂಡರೆ ಆಗುವ ಅನಾಹುತವೇ ಇಲ್ಲೂ ಆಗುತ್ತಿದೆ. ಕೋಡಿಂಗ್ ಬೇಡ ಎಂಬುದು ಮೊದಲರ್ಧ. ಅದರ ಬದಲಿಗೆ ಬೇರೊಂದು ಕಸುಬು ಗಟ್ಟಿಯಾಗಿ ಕೈಯಲ್ಲಿರಬೇಕು ಎಂಬುದು ಯಾರೂ ಹೇಳದ ದ್ವಿತೀಯಾರ್ಧ.

ನಿಜದ ಪಾಲು ಎಷ್ಟು?

ತಂತ್ರಾಂಶ ಕಂಪನಿ ಎಂದರೆ ಪ್ರೋಗ್ರಾಂ ಬರೆಯುವವರ ಕೂಟ ಮಾತ್ರವಲ್ಲ. ಗ್ರಾಹಕನಿಗೆ ನಿಜಕ್ಕೂ ಬೇಕಾಗಿರುವುದೇನು ಎಂದು ಕೇಳಿ ತಿಳಿದು, ಅದನ್ನು ಬರಹಕ್ಕಿಳಿಸಿ ಎಂಜಿನಿಯರುಗಳ ಮುಂದಿಡುವವರು ಬಿಸಿನೆಸ್ ಅನಲಿಸ್ಟರು. ಸಿದ್ಧವಾದ ತಂತ್ರಾಂಶ ಹೇಳಿದಂತೆ ನಡೆಯುತ್ತದೆಯೇ ಎಂದು ಒರೆಗೆ ಹಚ್ಚುವವರು ಟೆಸ್ಟರುಗಳು. ಅದನ್ನು ಬಳಸುವ ಬಗೆಯನ್ನು ತಿಳಿಯಾಗಿ ಬರೆದುಕೊಡುವವರು ಟೆಕ್ನಿಕಲ್ ರೈಟರುಗಳು. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಬಳಸುವವನು ಎಲ್ಲಿ ತಡವರಿಸುತ್ತಾನೆ ಎಂದು ನೋಡುವವರು ವಿನ್ಯಾಸಕಾರರು. ಇವರಲ್ಲದೆ ಮಾರಾಟ, ಗ್ರಾಹಕ ನಿರ್ವಹಣೆ, ಯೋಜನಾ ನಿರ್ವಹಣೆಯ ಮಂದಿ ಬೇರೆ ಇದ್ದಾರೆ.

ಇಂಥ ಕೆಲಸಗಳ ಸಂಖ್ಯೆ ಕುಗ್ಗುವಂತೆಯೂ ಕಾಣುತ್ತಿಲ್ಲ. ವಿದೇಶಿ ಬ್ಯಾಂಕು, ಔಷಧ ತಯಾರಿಕೆ, ಚಿಲ್ಲರೆ ವ್ಯಾಪಾರ ಕಂಪನಿಗಳು ಭಾರತದಲ್ಲಿ ತೆರೆದಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ಜಿಸಿಸಿಗಳು, 2024ರ ಹೊತ್ತಿಗೆ 1,700 ದಾಟಿದ್ದವು. ಅವುಗಳಲ್ಲಿ ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ. 2024ರ ನವೆಂಬರ್‌ನಲ್ಲಿ ಪ್ರಕಟವಾದ ರಾಜ್ಯದ ಜಿಸಿಸಿ ನೀತಿ, 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತಂದು 3.5 ಲಕ್ಷ ಉದ್ಯೋಗ ಸೃಷ್ಟಿಸುವ ಗುರಿ ಇಟ್ಟುಕೊಂಡಿದೆ. ಈ ಕೇಂದ್ರಗಳಲ್ಲಿ ಲೆಕ್ಕಪತ್ರ, ಸಾಲ ಮಂಜೂರಾತಿ, ವಿಮೆ, ಔಷಧ ಸುರಕ್ಷತೆಯಂಥ ಕೆಲಸಗಳೂ ನಡೆಯುತ್ತವೆ. ಅಲ್ಲಿ ಎಂಜಿನಿಯರಿಂಗ್ ಪದವಿ ಇಲ್ಲದವರಿಗೂ ಬಾಗಿಲು ತೆರೆದಿದೆ.

ಸಂಬಳ ಯಾತಕ್ಕೆ?

ಆದರೆ ಬಾಗಿಲು ತೆರೆದಿದೆ ಎಂಬುದು ಬೇರೆ, ಒಳಗೆ ಒಳ್ಳೆಯ ಸಂಬಳ ಕಾದಿದೆ ಎಂಬುದು ಬೇರೆ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಎಂಜಿನಿಯರಿಂಗ್ ಓದಿ ಸೇರುವ ಹೊಸಬರ ಆರಂಭಿಕ ವೇತನವೇ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಹೀಗಿರುವಾಗ ಮೂರು ತಿಂಗಳ ತರಬೇತಿ ಪಡೆದ ಹೊಸಬನಿಗೆ ಅದರ ಎರಡು ಮೂರು ಪಟ್ಟು ಕೊಡಲು ಕಂಪನಿಗಳಿಗೆ ಕಾರಣವಾದರೂ ಏನಿದೆ?

ಕೋಡಿಂಗ್ ಇಲ್ಲದೆಯೂ ನಿಜಕ್ಕೂ ಚೆನ್ನಾಗಿ ದುಡಿಯುವವರು ಯಾರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಎಸ್‌ಎಪಿ ತಂತ್ರಾಂಶದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಕಂಪನಿಯ ತಂತ್ರಾಂಶದ ಮೇಲೆ ಜಗತ್ತಿನ ಸಾವಿರಾರು ಕಾರ್ಖಾನೆಗಳ ಲೆಕ್ಕಪತ್ರ, ಖರೀದಿ, ದಾಸ್ತಾನು ನಡೆಯುತ್ತಿದೆ. ಹಳೆಯ ಆವೃತ್ತಿಯ ಸಾಮಾನ್ಯ ನಿರ್ವಹಣೆಯನ್ನು 2027ರ ಅಂತ್ಯಕ್ಕೆ ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿರುವುದರಿಂದ, ಬಳಕೆದಾರ ಸಂಸ್ಥೆಗಳು ಹೊಸ ಆವೃತ್ತಿಗೆ ಬದಲಾಗುವ ಧಾವಂತದಲ್ಲಿವೆ. ಈ ಬದಲಾವಣೆಯಲ್ಲಿ ‘ಫಂಕ್ಷನಲ್ ಕನ್ಸಲ್ಟಂಟ್’ ಎಂಬ ಹುದ್ದೆಗೆ ಬೇಡಿಕೆಯಿದೆ. ಇವರು ಪ್ರೋಗ್ರಾಂ ಬರೆಯುವುದು ವಿರಳ. ಖಾತೆಗಳು ಹೇಗೆ ಹೊಂದಿಕೊಳ್ಳಬೇಕು, ತಯಾರಿಕಾ ವೆಚ್ಚ ಎಲ್ಲಿಗೆ ಜಮಾ ಆಗಬೇಕು, ತೆರಿಗೆ ಎಲ್ಲಿ ಕಡಿತವಾಗಬೇಕು ಎಂಬುದನ್ನು ತಂತ್ರಾಂಶದಲ್ಲಿ ಹೊಂದಿಸುವುದೇ ಇವರ ಕೆಲಸ. ಇದಕ್ಕೆ ಬೇಕಾದ ಬಂಡವಾಳ ಲೆಕ್ಕಶಾಸ್ತ್ರ. ಐದಾರು ವರ್ಷ ಕಾರ್ಖಾನೆಯೊಂದರ ಲೆಕ್ಕ ವಿಭಾಗದಲ್ಲಿ ಮೈಮುರಿದು ದುಡಿದವನು ಈ ತಂತ್ರಾಂಶ ಕಲಿತರೆ, ಕಾರ್ಖಾನೆಯ ಒಳಹೊರಗು ಅರಿಯದ ಎಂಜಿನಿಯರ್ ಅವನ ಮುಂದೆ ನಿಲ್ಲಲಾರ.

ಜಿಎಸ್‌ಟಿಯ ವಿಷಯವೂ ಹೀಗೆಯೇ. 2017ರ ಜುಲೈ 1ರಂದು ಅದು ಜಾರಿಗೆ ಬಂದಾಗ ದೇಶದ ಪ್ರತಿಯೊಂದು ಬಿಲ್ಲಿಂಗ್ ತಂತ್ರಾಂಶವೂ ಬದಲಾಗಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳು ಬಹುಮಟ್ಟಿಗೆ ರದ್ದಾದಾಗ ಮತ್ತೊಮ್ಮೆ ಅದೇ ಓಡಾಟ. ಯಾವ ಸರಕು ಯಾವ ದರಕ್ಕೆ ಬರುತ್ತದೆ, ಮರಳಿ ಬಂದ ಸರಕಿಗೆ ಹಳೆಯ ದರವೋ ಹೊಸ ದರವೋ ಎಂದು ಹೇಳಬೇಕಾದವರು ತೆರಿಗೆ ಬಲ್ಲವರೇ ಹೊರತು ಪ್ರೋಗ್ರಾಂ ಬಲ್ಲವರಲ್ಲ.

ಆರೋಗ್ಯ ಕ್ಷೇತ್ರದಲ್ಲಿ ‘ಮೆಡಿಕಲ್ ಕೋಡಿಂಗ್’ ಎಂಬ ಕೆಲಸವಿದೆ. ಹೆಸರಿನಲ್ಲಿ ಕೋಡಿಂಗ್ ಇದ್ದರೂ ಪ್ರೋಗ್ರಾಮಿಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಓದಿ, ರೋಗ ಮತ್ತು ಚಿಕಿತ್ಸೆಗೆ ವಿಮಾ ಕಂಪನಿಗಳು ಒಪ್ಪುವ ಸಂಕೇತ ಸಂಖ್ಯೆ ನೀಡುವುದು ಇಲ್ಲಿನ ಕಾಯಕ. ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರಿಗೆ ಇದು ಒಗ್ಗುತ್ತದೆ.

ಮೊದಲು ಕರಗುವ ಕೆಲಸಗಳು

ಹಾಗಾದರೆ ಯಾವ ಪೂರ್ವಜ್ಞಾನವೂ ಬೇಡದ ಕೆಲಸಗಳ ಕತೆಯೇನು? ಇದಕ್ಕೆ ಬೆಂಗಳೂರಿನ ಇತಿಹಾಸದಲ್ಲೇ ಪಾಠವಿದೆ. 1990ರ ದಶಕದ ಕೊನೆಯಲ್ಲಿ ಹಾಗೂ 2000ದ ಆರಂಭದಲ್ಲಿ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್’ ಎಂಬುದು ಪದವೀಧರರ ಪಾಲಿಗೆ ಕಲ್ಪವೃಕ್ಷದಂತೆ ಕಂಡಿತ್ತು. ಅಮೆರಿಕದ ವೈದ್ಯರು ಹೇಳಿದ್ದನ್ನು ಕೇಳಿ ಇಲ್ಲಿ ರಾತ್ರೋರಾತ್ರಿ ಬೆರಳಚ್ಚು ಮಾಡಿ ಕಳುಹಿಸುವ ಕೆಲಸ ಅದು. ತರಬೇತಿ ಕೇಂದ್ರಗಳು ನಾಯಿಕೊಡೆಗಳಂತೆ ಎದ್ದವು. ಮುಂದೆ ಮಾತನ್ನು ಅಕ್ಷರವಾಗಿಸುವ ತಂತ್ರಾಂಶ ಸುಧಾರಿಸಿತು, ಆಸ್ಪತ್ರೆ ದಾಖಲೆಗಳು ಗಣಕೀಕೃತವಾದವು. ಬೆರಳಚ್ಚಿನ ಕೆಲಸ ಬಹುಪಾಲು ಕರಗಿತು.

ಇಂದು ಅದೇ ಅಂಚಿನಲ್ಲಿ ನಿಂತಿರುವುದು ಪಟ್ಟಿ ನೋಡಿಕೊಂಡು ಗುಂಡಿ ಒತ್ತುವ ಮ್ಯಾನ್ಯುಯಲ್ ಟೆಸ್ಟಿಂಗ್, ಸಿದ್ಧ ಉತ್ತರ ಓದಿ ಹೇಳುವ ಮೊದಲ ಹಂತದ ಗ್ರಾಹಕ ಸೇವೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ನಂತರ ಈ ಒತ್ತಡ ಹೆಚ್ಚಿದೆ. ವಿಪರ್ಯಾಸವೆಂದರೆ ‘ಕೋಡಿಂಗ್ ಬೇಡ’ ಎಂದು ಅತಿ ಹೆಚ್ಚು ಮಾರಾಟವಾಗುವುದು ಟೆಸ್ಟಿಂಗ್ ತರಬೇತಿಯೇ! ಸೇರಿದ ಮೇಲಾದರೂ ಸ್ವಯಂಚಾಲಿತ ಪರೀಕ್ಷೆಯ ಪ್ರೋಗ್ರಾಂ ಬರೆಯಲು ಕಲಿಯದಿದ್ದರೆ ಅಲ್ಲಿ ಮೇಲೇರುವುದು ಕಷ್ಟ.

ಹಾಗೆಂದು ಮೇಲಿನ ಮೆಟ್ಟಿಲಲ್ಲಿ ಇರುವವರೂ ನೆಮ್ಮದಿಯಾಗಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇ 2ರಷ್ಟನ್ನು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿತ ಮಾಡುವುದಾಗಿ ಪ್ರಕಟಿಸಿದಾಗ, ಮುಖ್ಯವಾಗಿ ಪೆಟ್ಟು ಬೀಳುವುದು ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂದೇ ತಿಳಿಸಿತ್ತು. ಕೇವಲ ಮೇಲ್ವಿಚಾರಣೆ ಮಾಡಿಕೊಂಡು, ಕೈಯಲ್ಲಿ ಕಸುಬಿಲ್ಲದೆ ಮುಂದುವರಿಯುವ ಕಾಲ ಮುಗಿಯುತ್ತಿದೆ ಎಂಬುದಕ್ಕೆ ಇದು ಸೂಚನೆ.

ಬರೆಯದಿದ್ದರೂ ಓದಬೇಕು

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಕೋಡಿಂಗ್ ಮಾಡಬೇಕಿಲ್ಲ ಎಂದರೆ ಗಣಕದ ಗೊಡವೆಯೇ ಬೇಡ ಎಂದಲ್ಲ. ಬಿಸಿನೆಸ್ ಅನಲಿಸ್ಟ್ ಹುದ್ದೆಗೆ ಎಕ್ಸೆಲ್‌ನಲ್ಲಿ ಪಳಗಿರಬೇಕು. ದತ್ತಾಂಶ ಕೋಶದಿಂದ ಮಾಹಿತಿ ಹೊರತೆಗೆಯುವಷ್ಟು ಎಸ್‌ಕ್ಯೂಎಲ್ ಬರಬೇಕು. ಒಂದು ತಂತ್ರಾಂಶ ಮತ್ತೊಂದರೊಡನೆ ಹೇಗೆ ಮಾಹಿತಿ ಹಂಚಿಕೊಳ್ಳುತ್ತದೆ ಎಂಬ ಅರಿವಿರಬೇಕು. ಅಡುಗೆ ಮಾಡದಿದ್ದರೂ ರುಚಿ ಹೇಳಬಲ್ಲವನಿಗಷ್ಟೇ ಅಡುಗೆಮನೆಯ ಉಸ್ತುವಾರಿ ಸಲ್ಲುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎದುರಾಗುವ ನಿಜವಾದ ಗೋಡೆ ಕೋಡಿಂಗ್ ಅಲ್ಲ, ಇಂಗ್ಲಿಷ್. ಪ್ರೋಗ್ರಾಂ ಬರೆಯುವವನ ಇಂಗ್ಲಿಷ್ ತೊಡರಿದರೂ ಅವನ ಪ್ರೋಗ್ರಾಂ ನಡೆಯುತ್ತದೆ. ಆದರೆ ಕೋಡಿಂಗ್ ಇಲ್ಲದ ಹುದ್ದೆಗಳಲ್ಲಿ ಮಾತು ಮತ್ತು ಬರಹವೇ ಕೆಲಸ. ವಿದೇಶಿ ಗ್ರಾಹಕನ ಜತೆ ಗಂಟೆಗಟ್ಟಲೆ ಮಾತಾಡಬೇಕು, ಸಭೆ ಮುಗಿದೊಡನೆ ಅದರ ಸಾರವನ್ನು ಬರೆದು ಕಳುಹಿಸಬೇಕು. ಕಲಬುರಗಿಯ ಅಥವಾ ಚಾಮರಾಜನಗರದ ಪದವೀಧರನಿಗೆ ಕೋಡಿಂಗ್ ಕಲಿಯುವ ದಾರಿಯೇ ಕೆಲವೊಮ್ಮೆ ಹೆಚ್ಚು ಸುಲಭವಾಗಿರಬಹುದು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ನಕಲಿ ಅನುಭವದ ಬಲೆ

ಅರ್ಧ ಸತ್ಯದ ಬೆಲೆ ಶುಲ್ಕಕ್ಕೆ ಮುಗಿಯುವುದಿಲ್ಲ. ಹತ್ತಾರು ಸಾವಿರ ರೂಪಾಯಿ ತೆತ್ತರೂ ಕೆಲಸ ಸಿಗದಿದ್ದಾಗ, ಕೆಲವು ಮಧ್ಯವರ್ತಿಗಳು ಎರಡು ಮೂರು ವರ್ಷದ ನಕಲಿ ಅನುಭವ ಪತ್ರದ ಆಸೆ ತೋರಿಸುತ್ತಾರೆ. ಹೊಸಬರಿಗೆ ಕೆಲಸವಿಲ್ಲ, ಅನುಭವಿಗಳಿಗೆ ಸಂಬಳವಿದೆ ಎಂಬುದು ಅವರ ವಾದ. ಈ ಬಲೆಗೆ ಬಿದ್ದವರು ಸಿಕ್ಕಿಬೀಳುವುದು ಈಗ ಸುಲಭ. 2014ರಲ್ಲಿ ಬಂದ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆಯಿಂದ, ಯಾರು ಎಲ್ಲಿ ಎಷ್ಟು ಕಾಲ ದುಡಿದಿದ್ದಾರೆ ಎಂಬುದು ಕಂಪನಿಗಳ ಪರಿಶೀಲನೆಯಲ್ಲಿ ಬಯಲಾಗುತ್ತದೆ. ಕೆಲಸ ಹೋಗುವುದಷ್ಟೇ ಅಲ್ಲ, ಹೆಸರೂ ಕೆಡುತ್ತದೆ.

ಉದ್ಯೋಗ ಖಾತರಿ, ವೇತನ ಏರಿಕೆಯ ಸುಳ್ಳು ಭರವಸೆ ನೀಡುವ ಕೋಚಿಂಗ್ ಜಾಹೀರಾತುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಆದರೆ ನಿಯಮ ಕಾಗದದಲ್ಲಿದ್ದರೆ ಸಾಲದು. ಕಟ್ಟಡದ ಮೇಲಿನ ಫಲಕದವರೆಗೂ ಅದು ತಲುಪಬೇಕು.

ಮಾಡಬೇಕಾದ್ದೇನು?

ಹಣ ಸುರಿಯುವ ಮುನ್ನ ಉಚಿತ ದಾರಿಗಳನ್ನು ನೋಡುವುದು ಜಾಣತನ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ 2017ರಿಂದ ಉಚಿತ ಪಾಠಗಳಿವೆ. ಪ್ರಮಾಣಪತ್ರ ಬೇಕಿದ್ದವರಷ್ಟೇ ಪರೀಕ್ಷಾ ಶುಲ್ಕ ಕಟ್ಟಬೇಕು. ಸೇಲ್ಸ್‌ಫೋರ್ಸ್‌ನಂಥ ಕಂಪನಿಗಳು ತಮ್ಮ ತಂತ್ರಾಂಶದ ಪಾಠಗಳನ್ನು ತಾವೇ ಉಚಿತವಾಗಿ ಇಟ್ಟಿವೆ. ಒಂದೆರಡು ತಿಂಗಳು ಅಲ್ಲಿ ಕಲಿತು, ವಿಷಯ ತಲೆಗೆ ಹತ್ತುತ್ತದೆಯೇ ಎಂದು ತಿಳಿದ ಬಳಿಕ ಮುಂದಿನ ಮಾತು.

ಸರ್ಕಾರದ ಹೊಣೆಯೂ ಕಡಿಮೆಯದಲ್ಲ. ಕಂಪನಿಗಳ ಸಹಯೋಗದಲ್ಲಿ ಕೌಶಲ ನೀಡುವ ನಿಪುಣ ಕರ್ನಾಟಕದಂಥ ಯೋಜನೆಗಳು 2024ರಲ್ಲಿ ಆರಂಭವಾಗಿವೆ. ಆದರೆ ಅವು ಪದವಿ ಮುಗಿದ ಮೇಲಿನ ಒರಸು ಮದ್ದು. ಬೆಂಗಳೂರಿನದೇ ಕಂಪನಿಯ ಟ್ಯಾಲಿಯನ್ನು ಕಲಿಸುವ ಕೇಂದ್ರಗಳು ತಾಲ್ಲೂಕು ಕೇಂದ್ರಗಳವರೆಗೂ ಹಬ್ಬಿರುವಾಗ, ದೊಡ್ಡ ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶ, ಎಸ್‌ಕ್ಯೂಎಲ್ ಮತ್ತು ವ್ಯವಹಾರದ ಇಂಗ್ಲಿಷ್ ಅನ್ನು ಬಿ.ಕಾಂ. ತರಗತಿಯಲ್ಲೇ ಕಲಿಸಲು ಅಡ್ಡಿಯೇನು? ಅದಾಗದ ಹೊರತು ಜಿಸಿಸಿ ನೀತಿಯ 3.5 ಲಕ್ಷ ಉದ್ಯೋಗಗಳಲ್ಲಿ ನಾಡಿನ ಸಾಮಾನ್ಯ ಪದವೀಧರರಿಗೆ ದೊಡ್ಡ ಪಾಲು ಸಿಗುವುದು ಅನುಮಾನ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಉದ್ಯೋಗಾಕಾಂಕ್ಷಿಗಳಿಗೂ ಅನ್ವಯ. ಲೆಕ್ಕ ಬಲ್ಲವರು, ಬ್ಯಾಂಕಿನಲ್ಲಿ ದುಡಿದವರು, ಆಸ್ಪತ್ರೆ–ಕಾರ್ಖಾನೆಗಳ ಒಳಮರ್ಮ ಅರಿತವರು ತಮ್ಮ ಹಳೆಯ ಕಸುಬನ್ನು ಎಸೆದು ಐಟಿಗೆ ಬರಬೇಕಿಲ್ಲ. ಅದನ್ನೇ ಹೊತ್ತು ಬಂದರೆ ಅದಕ್ಕೇ ಅಲ್ಲಿ ಬೆಲೆ. ಬರಿಗೈಯಲ್ಲಿ ಬಂದವರಿಗೆ ಕೋಡಿಂಗ್ ಬೇಡ ಎನ್ನುವ ಮಾತು ವರವಲ್ಲ, ಅದು ತರಬೇತಿ ಸಂಸ್ಥೆಗಳ ವ್ಯಾಪಾರ ಮಾತ್ರ.