ಕಣ್ಣಿನ ಹೆಸರಲ್ಲಿ ಕಣ್ಣಿಗೆ ಮಣ್ಣು

ಕಂಪ್ಯೂಟರ್ ಮುಂದೆ ಕೂತು ಅನ್ನ ದುಡಿಯೋ ನಮ್ಮಂಥವರ ಕಣ್ಣಿನ ಮೇಲೆ ವ್ಯಾಪಾರಿಗಳಿಗೆಲ್ಲ ಕಣ್ಣು :) ಅದಕ್ಕೇ ಈ ಬಿಲ್‌ಬೆರ್ರಿ ಮಾತ್ರೆಗಳು. ಜೊತೆಗೊಂದು ಕಥೆ ಬೇರೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಈ ಹಣ್ಣಿನ ಜಾಮ್ ತಿಂದು ಕತ್ತಲಲ್ಲೂ ಗುರಿ ಹೊಡೀತಿದ್ದರಂತೆ! ನಮ್ಮ ಇಂಜಿನಿಯರ್ ಮಿತ್ರರೇ ಇದನ್ನ ನಂಬಿ ಫಾರ್ವರ್ಡ್ ಮಾಡ್ತಾರಲ್ಲ, ಅದಕ್ಕೇ ಈ ಬರಹ.

ಮೊದಲು ಹಣ್ಣಿನ ವಿಷಯ. ಸೂಪರ್ ಮಾರ್ಕೆಟ್‌ನಲ್ಲಿ ಸಿಗೋ ದಪ್ಪ ಬ್ಲೂಬೆರ್ರಿ ಸಾಮಾನ್ಯವಾಗಿ ಅಮೆರಿಕದ ತೋಟದ ಬೆಳೆ. ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಮತ್ತು ಫ್ರೆಡ್ರಿಕ್ ಕೋವಿಲ್ ಸೇರಿ ಕಾಡುಗಿಡವನ್ನ ಪಳಗಿಸಿ, 1916ರಲ್ಲಿ ಮೊದಲ ಬೆಳೆ ಮಾರಿದರು. ಅದರ ತಿರುಳು ಬೆಳ್ಳಗೆ, ಹಣ್ಣು ಗೊಂಚಲು ಗೊಂಚಲು. ಬಿಲ್‌ಬೆರ್ರಿ ಅದರ ದಾಯಾದಿ. ಸ್ವೀಡನ್, ಫಿನ್‌ಲ್ಯಾಂಡಿನ ಕಾಡುಗಳಲ್ಲಿ, ಆಲ್ಪ್ಸ್ ಬೆಟ್ಟಗಳಲ್ಲಿ ಹುಳಿಮಣ್ಣಿನ ಮೇಲೆ ಮೊಣಕಾಲೆತ್ತರಕ್ಕೆ ಹರಡೋ ಪೊದೆ. ಚಳಿಗಾಲದಲ್ಲಿ ಹಿಮವೇ ಅದಕ್ಕೆ ಹೊದಿಕೆ. ಎಲೆ ಉದುರಿದ ಮೇಲೂ ಕಾಂಡ ಹಸಿರಾಗೇ ಇರುತ್ತೆ. ಹಣ್ಣು ಬಿಡೋದು ಒಂದೊಂದೇ. ತಿರುಳೆಲ್ಲ ಬಣ್ಣ, ತಿಂದರೆ ನಮ್ಮ ನೇರಳೆ ಹಣ್ಣಿನ ಹಾಗೆ ನಾಲಿಗೆ ತೋರಿಸಿಯೇ ಸಿಕ್ಕಿಬೀಳ್ತೀರಿ! ಕರಡಿಗಳು ಚಳಿಗಾಲದ ನಿದ್ದೆಗೆ ಮುಂಚೆ ಮೈತುಂಬಿಸಿಕೊಳ್ಳೋದು ಇಂಥ ಹಣ್ಣು ತಿಂದೇ.

ಇಷ್ಟು ಚೆಂದದ ಗಿಡದ ತಲೆಗೆ ಇಲ್ಲದ ಮಹಿಮೆ ಕಟ್ಟೋದು ಯಾಕೆ ಸ್ವಾಮೀ?

ಪೈಲಟ್ ಕಥೆಗೆ ಗಟ್ಟಿ ದಾಖಲೆಯೇ ಇಲ್ಲ. ಬ್ರಿಟಿಷರಿಗೆ ಕತ್ತಲಲ್ಲಿ ಶತ್ರು ವಿಮಾನ ತೋರಿಸಿದ್ದು ರೇಡಾರ್. ಅದನ್ನ ಮುಚ್ಚಿಡೋಕೆ ಕ್ಯಾರೆಟ್ ಮಹಿಮೆ ಹಾಡಿದ್ದರು ಅನ್ನೋದೂ ಪ್ರಸಿದ್ಧ. ಇನ್ನು ಪುರಾವೆ? ಇರುಳು ದೃಷ್ಟಿಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ 2004ರಲ್ಲಿ ಕ್ಯಾಂಟರ್ ಮತ್ತು ಅರ್ನ್ಸ್ಟ್ ಒಟ್ಟಿಗಿಟ್ಟು ನೋಡಿದರು. ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳಲ್ಲಿ ಆರೋಗ್ಯವಂತರಿಗೆ ಲಾಭ ಕಾಣಲಿಲ್ಲ. ಕಣ್ಣಿನ ದಣಿವಿನ ಬಗ್ಗೆ ಒಳ್ಳೆ ಫಲಿತಾಂಶ ಕೊಟ್ಟ ಸಣ್ಣ ಪ್ರಯೋಗಗಳಿವೆ, ಒಪ್ಪೋಣ. ಆದರೆ ಅದರಿಂದ ಕನ್ನಡಕ ಬಿಸಾಕಬಹುದು ಅಂತ ಯಾವ ಬಾಯಲ್ಲಿ ಹೇಳ್ತಾರೆ?

ಡಬ್ಬಿಯೊಳಗೆ ಇರೋದು ಹಣ್ಣೇನಾ ಅನ್ನೋದು ಇನ್ನೊಂದು ಪ್ರಶ್ನೆ. 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮಾರಾಟಕ್ಕಿದ್ದ ಬಿಲ್‌ಬೆರ್ರಿ ಸಾರದಲ್ಲಿ ಅಮರಾಂತ್ ಅನ್ನೋ ಕೃತಕ ಬಣ್ಣ ಪತ್ತೆಯಾಗಿತ್ತು. ಹಣ್ಣಿನ ಬಣ್ಣಕ್ಕೇ ದುಡ್ಡು ಅಂದಮೇಲೆ ಬಣ್ಣ ಬೆರೆಸೋರು ಹುಟ್ಟಿಕೊಳ್ಳದೆ ಇರ್ತಾರಾ?

ಮತ್ತೆ, ಇದನ್ನ ಕೀಳೋರು ಯಾರು ಗೊತ್ತಾ? ಸ್ವೀಡನ್ನಿನಲ್ಲಿ ಕಾಡುಹಣ್ಣು ಯಾರು ಬೇಕಾದರೂ ಆರಿಸಿಕೊಳ್ಳಬಹುದು, ಅದು ಅಲ್ಲಿನ ಸುಂದರ ಹಕ್ಕು. ಅದೇ ಹಕ್ಕಿನ ನೆರಳಲ್ಲಿ ಕಂಪನಿಗಳು ಥಾಯ್ಲೆಂಡಿನ ರೈತರನ್ನ ಕರೆಸಿ ದುಡಿಸಿಕೊಂಡವು. 2009ರಲ್ಲಿ ಹಣ್ಣು ಕೈಕೊಟ್ಟಾಗ ಎಷ್ಟೋ ಜನ ಸಾಲ ಹೊತ್ತು ಊರಿಗೆ ಮರಳಿದರು. ಮಾತ್ರೆ ಡಬ್ಬಿಯ ಮೇಲೆ ಹಸಿರು ಕಾಡಿನ ಚಿತ್ರ ಇರುತ್ತೆ, ಬಾಗಿದ ಅವರ ಬೆನ್ನು ಇರಲ್ಲ.

ಕಣ್ಣು ಉರಿದರೆ ರೆಪ್ಪೆ ಮಿಟುಕಿಸಿ, ಪರದೆ ಬಿಟ್ಟು ದೂರ ನೋಡಿ. ಮಂಜಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆ ದೇಶಗಳಲ್ಲಿರೋ ಕನ್ನಡಿಗರು ಕಾಡಿಗೆ ಹೋಗಿ ನಾಲಿಗೆ ನೀಲಿ ಮಾಡಿಕೊಳ್ಳಿ, ರುಚಿಗೆ. ಔಷಧಿ ಅಂತಲ್ಲ.

ಏನಂತೀರಿ? ಆ ಫಾರ್ವರ್ಡ್ ನಿಮಗೂ ಬಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ.