ಮಾಸ್ಕ್ ಹೋದರೂ ಉಸಿರು ಬಾಯಲ್ಲೇ ಇದೆ

ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನಮ್ಮ ಕಾಲೇಜಿನ ಒಂದಲ್ಲ ಒಂದು ಗುಂಪು ಮುರುಡೇಶ್ವರದ ಬಸ್ಸು ಹತ್ತುತ್ತದೆ. ಮೊದಲ ದಿನ ದೇವಸ್ಥಾನ, ಗೋಪುರ. ಮರುದಿನ ಬೆಳಿಗ್ಗೆ ದೋಣಿ ಹತ್ತಿ ನೇತ್ರಾಣಿ ದ್ವೀಪ, ಅಲ್ಲಿ ಸ್ಕೂಬಾ ಡೈವ್. ಈಜು ಬರದವರೂ ಹೋಗ್ತಾರೆ, ಖುಷಿಯಾಗಿಯೇ ವಾಪಸ್ ಬರ್ತಾರೆ. ಹೊರಡುವ ಮುಂಚೆ ಜೂನಿಯರ್‌ಗಳು ನಮ್ಮನ್ನು ಕೇಳುವ ಪ್ರಶ್ನೆಗಳು ಮೂರೇ: ಎಷ್ಟಾಗುತ್ತೆ, ಈಜು ಬರಲೇಬೇಕಾ, ವಿಡಿಯೊ ಕೊಡ್ತಾರಾ. ‘ನೀರೊಳಗೆ ಮಾಸ್ಕ್ ಕಳಚಿಕೊಂಡರೆ ಏನ್ಮಾಡೋದು?’ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಅನ್ನುವುದು ನಮ್ಮ ಅಭಿಪ್ರಾಯ. ಉತ್ತರವನ್ನು ಬಾಯಿಮಾತಲ್ಲಿ ಕೇಳಿಸಿಕೊಂಡು ಸುಮ್ಮನಾದರೂ ಸಾಲದು. ಸೊಂಟದ ಮಟ್ಟದ ನೀರಿನಲ್ಲಿ ಒಂದು ಸಲ ಮಾಡಿ ನೋಡದೆ ಯಾರೂ ಆಳಕ್ಕೆ ಇಳಿಯಬಾರದು.

ಮೊದಲು ಈ ಮಾಸ್ಕ್ ಯಾಕೆ ಬೇಕು ಅಂತ ನೋಡೋಣ. ನಮ್ಮ ಕಣ್ಣು ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಭಾಗ ನಡೆಯುವುದು ಒಳಗಿನ ಲೆನ್ಸಿನಲ್ಲಲ್ಲ, ಹೊರಗಿನ ಕಾರ್ನಿಯಾದಲ್ಲಿ. ಅದೂ ಕಾರ್ನಿಯಾದ ಮುಂದೆ ಗಾಳಿ ಇದ್ದಾಗ ಮಾತ್ರ. ನೀರಿನ ವಕ್ರೀಭವನ ಸೂಚ್ಯಂಕ 1.33, ಕಾರ್ನಿಯಾದ್ದು 1.37ರ ಆಸುಪಾಸು. ಎರಡೂ ಹೆಚ್ಚುಕಮ್ಮಿ ಒಂದೇ ಆದಾಗ ಬೆಳಕು ಬಗ್ಗುವುದೇ ಇಲ್ಲ, ಎಲ್ಲ ಮಸುಕು. ಮಾಸ್ಕ್ ಮಾಡುವುದು ಇಷ್ಟೇ: ಕಣ್ಣಿನ ಮುಂದೆ ಒಂದು ತೆಳು ಗಾಳಿಯ ಪದರವನ್ನು ವಾಪಸ್ ತಂದು ಕೊಡುತ್ತದೆ. ಹಾಗಾದರೆ ಈಜುಕೊಳದ ಗಾಗಲ್ಸ್ ಸಾಕಲ್ಲ, ಮೂಗನ್ನೂ ಯಾಕೆ ಮುಚ್ಚಬೇಕು? ಕೆಳಗೆ ಇಳಿದ ಹಾಗೆ ಒತ್ತಡ ಹೆಚ್ಚಿ ಆ ಗಾಳಿ ಕುಗ್ಗುತ್ತದೆ, ಮಾಸ್ಕ್ ಮುಖಕ್ಕೆ ಹೀರಿಕೊಳ್ಳುತ್ತದೆ. ಆಗ ಮೂಗಿನಿಂದ ಒಂಚೂರು ಗಾಳಿ ಬಿಟ್ಟು ಸರಿದೂಗಿಸಬೇಕು. ಗಾಗಲ್ಸ್‌ನಲ್ಲಿ ಅದಕ್ಕೆ ದಾರಿಯಿಲ್ಲ.

ಈಗ ಮುಖ್ಯ ಮಾತು. ಉಸಿರಾಟಕ್ಕೂ ಮಾಸ್ಕಿಗೂ ಸಂಬಂಧವೇ ಇಲ್ಲ. ಗಾಳಿ ಬರುವುದು ಬೆನ್ನಿನ ಸಿಲಿಂಡರಿನಿಂದ, ಹಲ್ಲಲ್ಲಿ ಕಚ್ಚಿಕೊಂಡ ರೆಗ್ಯುಲೇಟರಿನ ಮೂಲಕ, ನೇರ ಬಾಯಿಗೆ. 1943ರಲ್ಲಿ ಫ್ರಾನ್ಸಿನಲ್ಲಿ ಝಾಕ್ ಕೂಸ್ಟೊ ಜೊತೆ ಸೇರಿ ಇದನ್ನು ರೂಪಿಸಿದ ಎಮಿಲ್ ಗಾನ್ಯಾನ್ ನಮ್ಮ ಜಾತಿಯವನೇ, ಅಂದರೆ ಇಂಜಿನಿಯರ್. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಕಾರು ಓಡಿಸಲು ಮಾಡಿದ್ದ ವಾಲ್ವನ್ನೇ ತಿದ್ದಿ, ಮನುಷ್ಯ ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ತಕ್ಕಷ್ಟೇ ಗಾಳಿ ಬಿಡುವ ಹಾಗೆ ಮಾಡಿದ. ಕಣ್ಣಿಗೆ ಒಂದು ವ್ಯವಸ್ಥೆ, ಉಸಿರಿಗೆ ಇನ್ನೊಂದು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಲೇ ಇರುತ್ತದೆ. (ಮುಖ ಪೂರ್ತಿ ಮುಚ್ಚುವ ಫುಲ್ ಫೇಸ್ ಮಾಸ್ಕಿನ ಕಥೆ ಬೇರೆ, ಅದರಲ್ಲಿ ಮಾಸ್ಕ್ ಹೋದರೆ ಗಾಳಿಯೂ ಹೋದ ಹಾಗೆ. ನೇತ್ರಾಣಿಗೆ ಹೋಗುವ ನಮ್ಮ ನಿಮ್ಮಂಥವರ ಮುಖಕ್ಕೆ ಅದು ಬರುವುದು ಅಪರೂಪ.)

ಅಂದಮೇಲೆ ಮಾಸ್ಕ್ ಹೋದರೆ ಅಪಾಯ ಎಲ್ಲಿದೆ? ಮೂಗಿನಲ್ಲಿದೆ. ಮೂಗಿಗೆ ದಿಢೀರ್ ನೀರು ತಾಗಿದ ಕೂಡಲೆ ದೇಹ ತಾನಾಗಿ ಉಸಿರು ಬಿಗಿಹಿಡಿಯುತ್ತದೆ. ಬಾಯಲ್ಲಿ ಗಾಳಿ ಧಾರಾಳವಾಗಿ ಬರುತ್ತಿದ್ದರೂ ‘ಮುಳುಗ್ತಾ ಇದೀನಿ’ ಅಂತಲೇ ಅನಿಸುತ್ತದೆ. ಮುಂದಿನ ಕ್ಷಣದಲ್ಲಿ ಮನುಷ್ಯ ಮಾಡುವುದು ಒಂದೇ, ಮೇಲಕ್ಕೆ ನುಗ್ಗುವುದು. ಇಲ್ಲಿ ಫಸ್ಟ್ ಇಯರಿನಲ್ಲಿ ನಾವೆಲ್ಲ ಉರುಹೊಡೆದ ಬಾಯ್ಲ್ ನಿಯಮ ಬರುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಅಟ್ಮಾಸ್ಫಿಯರ್. ಅಲ್ಲಿ ಎಳೆದುಕೊಂಡ ನಾಲ್ಕು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎಂಟು ಲೀಟರ್ ಆಗಬೇಕು. ಬಾಯಿ ಬಿಗಿದುಕೊಂಡಿದ್ದರೆ ಅದು ಎಲ್ಲಿಗೆ ಹೋಗಬೇಕು? ಶ್ವಾಸಕೋಶ ಹರಿಯುತ್ತದೆ, ಗಾಳಿ ರಕ್ತಕ್ಕೆ ಸೇರುತ್ತದೆ, ಪ್ರಾಣಕ್ಕೇ ಬರಬಹುದು. ಇದಕ್ಕೆ 10 ಮೀಟರ್ ಆಳವೂ ಬೇಕಿಲ್ಲ. ಎದೆತುಂಬ ಗಾಳಿ ಹಿಡಿದುಕೊಂಡು ಒಂದೆರಡು ಮೀಟರ್ ಮೇಲೆ ಬಂದರೂ ಪೆಟ್ಟಾಗಬಹುದು. ಮಾಸ್ಕ್ ಹೋಗಿದ್ದರಿಂದ ಯಾರಿಗೂ ಏನೂ ಆಗುವುದಿಲ್ಲ, ಅದಾದ ಮೇಲೆ ಮಾಡುವ ಗಡಿಬಿಡಿಯಿಂದ ಆಗುತ್ತದೆ.

ನಮ್ಮಲ್ಲಿ ಒಂದು ಧೈರ್ಯ ಇದೆ: ‘ನಾನು ಊರ ಬಾವೀಲಿ ಈಜು ಕಲಿತವನು, ನನಗೇನಾಗುತ್ತೆ?’ ಸ್ವಾಮಿ, ಈ ವಿಷಯದಲ್ಲಿ ಹುಷಾರಾಗಿರಬೇಕಾದವರು ನೀವೇ. ಬಾವಿಗೆ ಧುಮುಕುವವನು, ಕೆರೆಯ ತಳದಿಂದ ಕಲ್ಲು ತರುವವನು ದಡದ ಮೇಲಿನ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಹೋಗ್ತಾನೆ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿದ್ದಷ್ಟೇ ಆಗುತ್ತದೆ. ಅವನಿಗೆ ಉಸಿರು ಹಿಡಿಯುವುದೇ ವಿದ್ಯೆ. ಸ್ಕೂಬಾದಲ್ಲಿ ಎಳೆಯುವುದು ಆಳದ ಒತ್ತಡದ ಗಾಳಿಯನ್ನು, ಹಾಗಾಗಿ ಇಲ್ಲಿ ಉಸಿರು ಹಿಡಿಯುವುದೇ ತಪ್ಪು. ವರ್ಷಗಟ್ಟಲೆ ಮೈಗೆ ಹತ್ತಿದ ಅಭ್ಯಾಸ ಭಯವಾದಾಗ ತಾನಾಗಿ ಎದ್ದು ನಿಲ್ಲುತ್ತದೆ. ಈಜೇ ಬಾರದವನಿಗೆ ಬಿಡಬೇಕಾದ ಅಭ್ಯಾಸವಾದರೂ ಇರುವುದಿಲ್ಲ.

ಸರಿ, ಮೂಗಿಗೆ ನೀರು ನುಗ್ಗದಂತೆ ಬಾಯಲ್ಲಿ ಉಸಿರಾಡುವುದು ಹೇಗೆ? ಕನ್ನಡ ಸಂಘದವರಾಗಿ ಇದನ್ನು ವರ್ಣಮಾಲೆಯಿಂದಲೇ ಹೇಳ್ತೀವಿ. ಮೂಗನ್ನು ಬೆರಳಲ್ಲಿ ಒತ್ತಿ ಹಿಡಿದು ‘ಬ’ ಅನ್ನಿ. ಆರಾಮಾಗಿ ಬರುತ್ತದೆ. ಈಗ ‘ಮ’ ಅನ್ನಿ. ಸಿಕ್ಕಿಹಾಕಿಕೊಳ್ತೀರಿ. ತುಟಿ ಎರಡಕ್ಕೂ ಒಂದೇ ಥರ ಸೇರುತ್ತದೆ. ವ್ಯತ್ಯಾಸ ಇರುವುದು ಅಂಗಳದ ಹಿಂಭಾಗದಲ್ಲಿ, ಕಿರುನಾಲಿಗೆ ನೇತಾಡುವ ಆ ಮೆತ್ತನೆಯ ಭಾಗದಲ್ಲಿ. ಕ, ಚ, ಟ, ತ, ಪ ಅನ್ನುವಾಗ ಅದು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಙ, ಞ, ಣ, ನ, ಮ ಅನ್ನುವಾಗ ಇಳಿದು ತೆರೆಯುತ್ತದೆ. ಅನುನಾಸಿಕ ಅಂದರೆ ಇದೇ ತಾನೆ. ಮಾಸ್ಕ್ ಇಲ್ಲದೆ ಉಸಿರಾಡುವುದು ಅಂದರೆ ಈ ಬಾಗಿಲನ್ನು ಮುಚ್ಚಿಟ್ಟುಕೊಳ್ಳುವುದು. ಒಂದನೇ ಕ್ಲಾಸಿನಿಂದ ದಿನಕ್ಕೆ ಸಾವಿರ ಸಲ ಮಾಡುತ್ತಿರುವ ಕೆಲಸ. ನೀರಲ್ಲಿ ಬೇಕೆಂದಾಗ ಮಾಡುವ ಹಿಡಿತ ಮಾತ್ರ ಬರಬೇಕು, ಅದಕ್ಕೆ ಅಭ್ಯಾಸ ಬಿಟ್ಟು ಬೇರೆ ದಾರಿಯಿಲ್ಲ.

ತಲೆ ಹೇಗಿಡುತ್ತೀರಿ ಅನ್ನುವುದೂ ಮುಖ್ಯ. ಬಕೆಟ್ ನೀರಿನಲ್ಲಿ ಲೋಟವನ್ನು ಬೋರಲು ಮುಳುಗಿಸಿದರೆ ಒಳಗಿನ ಗಾಳಿ ಅಲ್ಲೇ ಉಳಿಯುತ್ತದೆ, ಓರೆ ಮಾಡಿದರೆ ಬುಳುಬುಳು ಅಂತ ಹೊರಟುಹೋಗುತ್ತದೆ. ಮೂಗಿನ ಹೊಳ್ಳೆಗಳೂ ಹಾಗೆಯೇ. ಮಾಸ್ಕ್ ಇಲ್ಲದಾಗ ತಲೆ ನೆಟ್ಟಗೆ ಅಥವಾ ಗದ್ದ ಸ್ವಲ್ಪ ಕೆಳಗಿದ್ದರೆ ಮೂಗಿನಲ್ಲಿ ಗಾಳಿ ಉಳಿಯುತ್ತದೆ. ಗಾಬರಿಯಾಗಿ ಮೇಲೆ ನೋಡಿದಿರೋ, ನೀರು ನುಗ್ಗಿತು. ಬಾಯಿಂದ ಎಳೆದು, ಬಿಡುವಾಗ ಸ್ವಲ್ಪ ಮೂಗಿನಿಂದಲೂ ಬಿಟ್ಟರೆ ಒಳಬಂದಿದ್ದೂ ಹೊರಗೆ ಹೋಗುತ್ತದೆ. ಗುಳ್ಳೆಗಳು ಮೂಗಿಗೆ ಕಚಗುಳಿ ಇಡುತ್ತವೆ, ಆಗ ತಲೆಯನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿದರೆ ಸಾಕು. ಮಾಸ್ಕ್ ಮತ್ತೆ ಹಾಕಿಕೊಂಡು ನೀರು ಹೊರಹಾಕುವಾಗ ಮಾತ್ರ ಮೇಲೆ ನೋಡಬೇಕು, ಅದೂ ಮೂಗಿನಿಂದ ಗಾಳಿ ಬಿಡಲು ಶುರು ಮಾಡಿದ ಮೇಲೆ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು ನಿಧಾನವಾಗಿ ಊದಿದರೆ ಗಾಳಿ ಮೇಲೆ ಸೇರಿ, ನೀರು ಕೆಳಗಿನ ಸಂದಿಯಿಂದ ಜಾರಿ ಹೋಗುತ್ತದೆ. ಒಳಗೆ ಹಿಡಿಯುವುದು ಒಂದು ಸಣ್ಣ ಲೋಟದಷ್ಟು ನೀರು, ಶ್ವಾಸಕೋಶದಲ್ಲಿರುವುದು ಲೀಟರುಗಟ್ಟಲೆ ಗಾಳಿ. ಮೂಗು ಸೀನುವ ಹಾಗೆ ಜೋರಾಗಿ ಊದಿದರೆ ಗಾಳಿಯೆಲ್ಲ ಪಕ್ಕದಿಂದ ಹೊರಟುಹೋಗುತ್ತದೆ, ನೀರು ಅಲ್ಲೇ ಇರುತ್ತದೆ.

ಮಾಸ್ಕ್ ಪೂರ್ತಿ ಹೋಗುವುದಕ್ಕಿಂತ ಅರ್ಧ ನೀರು ತುಂಬುವುದೇ ಹೆಚ್ಚು. ಮುಂದೆ ಹೋಗುವವನ ಫಿನ್ ಮುಖಕ್ಕೆ ತಾಗಬಹುದು, ಕೂದಲು ಅಂಚಿನಡಿ ಸಿಕ್ಕಿಕೊಂಡಿರಬಹುದು. ನಮ್ಮ ಮೆಕ್ಯಾನಿಕಲ್ ಬ್ರಾಂಚಿನ ಮೀಸೆಗಳೂ ಒಳ್ಳೆಯ ಸೋರಿಕೆಯ ಮಾರ್ಗಗಳೇ. ಅದಕ್ಕೆ ಪಟ್ಟಿಯನ್ನು ಬಿಗಿ ಮಾಡುವುದು ಪರಿಹಾರ ಅಲ್ಲ, ಬಿಗಿ ಹೆಚ್ಚಾದರೆ ಸಿಲಿಕಾನ್ ಅಂಚು ಸೊಟ್ಟಗಾಗಿ ಇನ್ನೂ ಸೋರುತ್ತದೆ. ದೋಣಿಯಿಂದ ನೀರಿಗೆ ಇಳಿಯುವಾಗ ಅಂಗೈಯಲ್ಲಿ ಮಾಸ್ಕನ್ನೂ ರೆಗ್ಯುಲೇಟರನ್ನೂ ಒತ್ತಿ ಹಿಡಿಯಬೇಕು. ಮೇಲೆ ಬಂದಾಗ ಫೋಟೊಗೆ ಅಂತ ಅದನ್ನು ಹಣೆಗೇರಿಸಿದರೆ ಒಂದು ಅಲೆ ಸಾಕು, ಮಾಸ್ಕ್ ಸಮುದ್ರದ ಪಾಲು.

ಪೂರ್ತಿ ಹೋದಾಗಲೂ ಲೋಕ ಕತ್ತಲಾಗುವುದಿಲ್ಲ. ಮಸುಕು ಮಸುಕಾಗಿ ಆಕಾರ, ಬಣ್ಣ, ಬೆಳಕಿನ ದಿಕ್ಕು ಗೊತ್ತಾಗುತ್ತದೆ. ಥಾಯ್ಲೆಂಡಿನ ಸಮುದ್ರದಲ್ಲಿ ಬದುಕುವ ಮೋಕೆನ್ ಜನರ ಮಕ್ಕಳು ಬರಿಗಣ್ಣಲ್ಲಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಚೆನ್ನಾಗಿ ನೀರೊಳಗೆ ನೋಡಬಲ್ಲರು ಅಂತ ಸ್ವೀಡನ್ನಿನ ಅನ್ನಾ ಗಿಸ್ಲೆನ್ 2003ರಲ್ಲಿ ತೋರಿಸಿಕೊಟ್ಟರು. ಆ ಮಕ್ಕಳು ಪಾಪೆಯನ್ನು ಕಿರಿದು ಮಾಡಿಕೊಂಡು ನೋಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ನಿಲ್ಲಬೇಕು, ಉಸಿರಾಡುತ್ತಲೇ ಇರಬೇಕು, ಒಂದು ಕೈ ರೆಗ್ಯುಲೇಟರ್ ಮೇಲಿರಬೇಕು, ಇನ್ನೊಂದು ಕೈಯಿಂದ ಜೊತೆಗಾರನನ್ನು ಹಿಡಿದುಕೊಳ್ಳಬೇಕು. ಮಾಸ್ಕ್ ಎಷ್ಟೋ ಸಲ ಕುತ್ತಿಗೆಯಲ್ಲೇ ನೇತಾಡುತ್ತಿರುತ್ತದೆ. ಸಿಗದಿದ್ದರೆ ಅವನ ತೋಳು ಹಿಡಿದು, ಗುಳ್ಳೆ ಬಿಡುತ್ತಾ, ನಿಮಿಷಕ್ಕೆ 9 ಮೀಟರ್ ಮೀರದ ಹಾಗೆ ಮೇಲೆ ಬಂದರಾಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು ಕಣ್ಣು ಮುಚ್ಚಿಕೊಂಡೇ ಇದನ್ನೆಲ್ಲ ಮಾಡಬೇಕು, ಇಲ್ಲದಿದ್ದರೆ ಲೆನ್ಸೂ ಹೋಗುತ್ತದೆ. ಕನ್ನಡಕದವರೇ ತುಂಬಿರುವ ನಮ್ಮ ಕಾಲೇಜಿನಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕೆ ಬರುವ ಆಕ್ಷೇಪ ನಮಗೂ ಗೊತ್ತು. ಒಂದು ದಿನದ ಪ್ರವಾಸಿಗೆ ಮಾಸ್ಕ್ ಬಿಚ್ಚಿ ತೋರಿಸು ಅಂದರೆ ಅರ್ಧ ಜನ ದೋಣಿಯಿಂದಲೇ ಇಳಿಯಲ್ಲ. ಹೇಗೂ ತರಬೇತುದಾರ ಬೆನ್ನಿನ ಹಿಂದೆ ಸಿಲಿಂಡರ್ ಹಿಡಿದುಕೊಂಡೇ ಇರ್ತಾನೆ, ಆಳವೂ 12 ಮೀಟರ್ ದಾಟುವುದಿಲ್ಲ. ಮಾತಿನಲ್ಲಿ ಹುರುಳಿದೆ. ಆದರೆ ಹೆದರಿ ಒದ್ದಾಡುವವನನ್ನು ಹಿಡಿದು ನಿಲ್ಲಿಸುವುದು ನೆಲದ ಮೇಲೇ ಕಷ್ಟ, ನೀರಲ್ಲಿ ಕೇಳಬೇಕಾ? ಪೂರ್ತಿ ಬಿಚ್ಚುವುದು ಬೇಡ ಅನ್ನಿ, ಅರ್ಧ ನೀರು ತುಂಬಿಸಿ ಊದಿ ಹೊರಹಾಕುವುದನ್ನಾದರೂ ಮಾಡಿಸಬಹುದಲ್ಲ. ಐದು ನಿಮಿಷದ ಕೆಲಸ. ಸೊಂಟದ ನೀರಿನಲ್ಲೇ ಅದು ಆಗಲ್ಲ ಅನ್ನುವವರು ಯಾರು ಅನ್ನುವುದು ಅಲ್ಲೇ ಗೊತ್ತಾಗುವುದು ಎಲ್ಲರಿಗೂ ಒಳ್ಳೆಯದು. ಆಳದಲ್ಲಿ ಗೊತ್ತಾದರೆ ತಡವಾಯಿತು.

ಓಪನ್ ವಾಟರ್ ಕೋರ್ಸ್ ಮಾಡುವವರ ವಿಷಯದಲ್ಲಿ ನಾವು ಇನ್ನೂ ಖಾರವಾಗಿದ್ದೇವೆ. ಅಲ್ಲಿ ಮಾಸ್ಕ್ ಪೂರ್ತಿ ತೆಗೆದು ಕನಿಷ್ಠ ಒಂದು ನಿಮಿಷ ಉಸಿರಾಡುವ, ಮತ್ತೆ ಹಾಕಿಕೊಂಡು ನೀರು ತೆಗೆಯುವ ಪಾಠ ಇದ್ದೇ ಇದೆ. ನಮ್ಮವರು ಅದನ್ನು ಲ್ಯಾಬ್ ರೆಕಾರ್ಡ್ ಥರ ಮಾಡ್ತಾರೆ: ಒಂದು ಸಲ ಹೇಗೋ ಮುಗಿಸಿ, ಸಹಿ ಹಾಕಿಸಿಕೊಂಡು, ಮರೆಯುವುದು. ಮಂಡಿಯೂರಿ ಕೂತು, ಎದುರಿಗೆ ಗುರು ಇದ್ದು, ‘ಈಗ ತೆಗಿ’ ಅಂದಾಗ ತೆಗೆಯುವುದು ಸುಲಭ. ಫಿನ್ ಬಡಿದಾಗ ಯಾರೂ ‘ಈಗ’ ಅನ್ನುವುದಿಲ್ಲ. ಈಜುತ್ತಿರುವಾಗ, ತೇಲುತ್ತಿರುವಾಗ, ಉಸಿರು ಬಿಟ್ಟು ಮುಗಿದ ಗಳಿಗೆಯಲ್ಲಿ, ಹೀಗೆ ಬೇಜಾರು ಬರುವಷ್ಟು ಸಲ ಮಾಡಬೇಕು. ತರಬೇತುದಾರ ಪಕ್ಕದಲ್ಲಿದ್ದಾಗಲೇ, ಒಬ್ಬರೇ ಸಿಲಿಂಡರ್ ಕಟ್ಟಿಕೊಂಡು ಪ್ರಯೋಗಕ್ಕೆ ಇಳಿಯುವುದು ಬೇಡ. ಕೋರ್ಸ್ ಮುಗಿಸಿದ ಮೇಲೆ ಜೇಬಲ್ಲಿ ಇನ್ನೊಂದು ಸಾದಾ ಮಾಸ್ಕ್ ಇಟ್ಟುಕೊಳ್ಳಿ.

ಸಿಲಿಂಡರ್ ಇಲ್ಲದೆ ಮಾಡಬಹುದಾದದ್ದೂ ಇದೆ. ನಿಲ್ಲುವಷ್ಟು ನೀರಿರುವ ಈಜುಕೊಳದಲ್ಲಿ, ಒಬ್ಬ ಗೆಳೆಯ ಪಕ್ಕದಲ್ಲಿ ನಿಂತಿರುವಾಗ, ಸ್ನಾರ್ಕೆಲ್ ಬಾಯಲ್ಲಿಟ್ಟುಕೊಂಡು ಮಾಸ್ಕ್ ಇಲ್ಲದೆ ಮುಖವನ್ನು ನೀರಿಗಿಟ್ಟು ಉಸಿರಾಡಿ ನೋಡಿ. ಮೊದಲ ಸಲ ನಾಲ್ಕನೇ ಉಸಿರಿಗೇ ತಲೆ ಎತ್ತುತ್ತೀರಿ. ವಾರದಲ್ಲಿ ಎರಡು ಮೂರು ದಿನ ಮಾಡಿದರೆ ನಿಮಿಷ ದಾಟುತ್ತದೆ.

ಮುಂದಿನ ಸಲ ಮುರುಡೇಶ್ವರದಲ್ಲಿ ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ: ದೋಣಿ ಹತ್ತುವ ಮೊದಲು ಅಥವಾ ದ್ವೀಪದ ಹತ್ತಿರ ಆಳಕ್ಕೆ ಇಳಿಯುವ ಮೊದಲು ಮಾಸ್ಕಿನ ನೀರು ತೆಗೆಯುವ ಅಭ್ಯಾಸ ಮಾಡಿಸ್ತೀರಾ? ಒಬ್ಬ ತರಬೇತುದಾರನಿಗೆ ನಾವು ಎಷ್ಟು ಜನ? ‘ನಾವಿದ್ದೀವಲ್ಲ, ನಿಮಗ್ಯಾಕೆ ಅದೆಲ್ಲ’ ಅಂತ ಉತ್ತರ ಬಂದರೆ ಪಕ್ಕದಲ್ಲಿ ವಿಚಾರಿಸಿ. ಅಲ್ಲಿ ಡೈವ್ ಮಾಡಿಸುವವರು ಒಬ್ಬರೇ ಅಲ್ಲ.